ಅತ್ತೆಯ ಹಲ್ಲು, ಪೆಟ್ಟಿಗೆಯ ಮುಚ್ಚಳ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕಟ್ಟಿದವನು ಹಲ್ಲಿನ ಡಾಕ್ಟರೇ ಇರಬೇಕು ಎಂದು ನನಗೆ ಬಲವಾದ ಅನುಮಾನ. ಅದೂ ಅತ್ತೆಯನ್ನು ಮನೆಯಲ್ಲಿಟ್ಟುಕೊಂಡಿರುವ ಹಲ್ಲಿನ ಡಾಕ್ಟರು. (ಈ ವಾಕ್ಯವನ್ನು ಹೆಗಲ ಮೇಲಿಂದ ಇಣುಕಿ ಓದಿದ ನನ್ನ ಹೆಂಡತಿ, “ಮನೆ ಯಾರದು?” ಎಂದು ಕೇಳಿದಳು. ಆಯಿತು, ತಿದ್ದಿಕೊಳ್ಳುತ್ತೇನೆ: ಅತ್ತೆಯ ಮನೆಯಲ್ಲಿರುವ ಹಲ್ಲಿನ ಡಾಕ್ಟರು.)

ಕೆಳಗೆ ನನ್ನ ಕ್ಲಿನಿಕ್ಕು, ಮೇಲೆ ನಮ್ಮ ವಾಸ. ಇಪ್ಪತ್ತೆರಡು ವರ್ಷಗಳಿಂದ ಊರವರ ಹಲ್ಲು ಕೀಳುತ್ತಾ ಬಂದಿದ್ದೇನೆ. ಕಿತ್ತದ್ದನ್ನೆಲ್ಲ ಜೋಡಿಸಿಟ್ಟಿದ್ದರೆ ನಮ್ಮ ಮನೆಗೊಂದು ಕಾಂಪೌಂಡು ಗೋಡೆ ಆಗುತ್ತಿತ್ತು. ರಸ್ತೆಯ ಆಚೆ, ಸರಿಯಾಗಿ ನನ್ನ ಬಾಗಿಲಿಗೆ ಎದುರಾಗಿ, ಇನ್ನೊಬ್ಬ ಹಲ್ಲಿನ ಡಾಕ್ಟರಿದ್ದಾರೆ. ಇರಲಿ, ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ. ನನ್ನ ದುಃಖ ಅದಲ್ಲ. ನಮ್ಮತ್ತೆಯ ಎಡದವಡೆಯ ಹಲ್ಲೊಂದು ಎರಡು ವರ್ಷದಿಂದ ಅಲುಗಾಡುತ್ತಿದೆ. ಅದು ನೋಯುವಾಗಲೆಲ್ಲ ಅತ್ತೆ ಹೊರಗೆ ಹೋಗುವ ಚಪ್ಪಲಿ ಮೆಟ್ಟಿ ಮಹಡಿ ಇಳಿಯುತ್ತಾರೆ, ನನ್ನ ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತವರ ಕ್ಷೇಮಸಮಾಚಾರ ವಿಚಾರಿಸುತ್ತಾರೆ, ಆಮೇಲೆ ರಸ್ತೆ ದಾಟಿ ಎದುರು ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬರೆಸಿಕೊಂಡು ಬರುತ್ತಾರೆ. ಒಮ್ಮೆ ನನ್ನ ಬೆಂಚಿನಿಂದ ಇಬ್ಬರು ಎದ್ದು ಅವರ ಹಿಂದೆಯೇ ನಡೆದುಬಿಟ್ಟರು.

“ಯಾಕತ್ತೆ ಹೀಗೆ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ನಿಮ್ಮ ಕೈ ಚೆನ್ನಾಗೇ ಇದೆ ಅಳಿಯಂದ್ರೇ,” ಎಂದರು. “ಬಾಯಿ ಸರಿ ಇಲ್ಲ. ಮನುಷ್ಯರ ಬಾಯಿಗೆ ಹತ್ತಿ ತುರುಕಿ, ‘ಏನ್ರೀ, ಕಾಲ ಕೆಟ್ಟೋಯ್ತು ಅಲ್ವಾ’ ಅಂತ ಶುರು ಮಾಡ್ತೀರಿ. ಹತ್ತಿ ಕಚ್ಚಿಕೊಂಡವರು ಏನು ಹೇಳ್ಬೇಕು? ತಿರುಗಿ ಉತ್ತರ ಕೊಡೋಕಾಗದ ಜಾಗದಲ್ಲಿ ನಾನು ಕೂರೋದಿಲ್ಲ.”

ಅತ್ತೆ ಹೀಗೆನ್ನಲು ಕಾರಣವಿದೆ. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಕಿವಿಗೆ ಹೆಡ್‌ಫೋನ್, ಎರಡೂ ಕೈಯಲ್ಲಿ ವೈರು, ಒಂದು ಕಡೆಯವರ ಮಾತು ಕೇಳುತ್ತಾ ಇನ್ನೊಂದು ಕಡೆಯವರಿಗೆ ಉತ್ತರ. ಮಾತು ಎಂದರೆ ಎರಡು ತುದಿ ಇರಲೇಬೇಕು ಎಂಬುದು ಅವರ ಸಿದ್ಧಾಂತ. ಆ ಕಿವಿಗಳ ಬಗ್ಗೆ ನಾನು ಏನು ಹೇಳಲಿ! ಪಕ್ಕದ ಮನೆಯವರು ಗುಟ್ಟಾಗಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಅದರಲ್ಲಿ ಕೆನೆ ಇದೆಯೋ ಇಲ್ಲವೋ ಎಂದು ನಮ್ಮ ಸೋಫಾದಲ್ಲೇ ಕೂತು ಹೇಳಬಲ್ಲರು.

ಅವರು ನಿವೃತ್ತರಾದಾಗ, ಕಿವಿಗೆ ಕೆಲಸವಿಲ್ಲದೆ ಇಡೀ ಬೀದಿಯ ಸಂಸಾರಗಳನ್ನು ಆಲಿಸತೊಡಗಿಯಾರು ಎಂದು ಹೆದರಿ, ನನ್ನ ಹೆಂಡತಿ ಒಂದು ಗೇಮ್ ಪೆಟ್ಟಿಗೆ ತಂದುಕೊಟ್ಟಳು. ಟಿವಿಗೆ ಸಿಕ್ಕಿಸಿ ಆಡುವ ಕರಿ ಪೆಟ್ಟಿಗೆ. ತಂದಾಗಲೇ ಅದು ಎರಡನೇ ಕೈ ಸರಕು, ಈಗ ಅದಕ್ಕೂ ಎಂಟು ವರ್ಷವಾಯಿತು. ಅದರಲ್ಲಿ ಒಂದು ಕಾರ್ ರೇಸು. ನಮ್ಮತ್ತೆ ಅದಕ್ಕೆ ಅಂಟಿಕೊಂಡ ರೀತಿ ನೋಡಿದರೆ, ಆ ಮೂವತ್ತು ವರ್ಷ ಅವರು ಎಕ್ಸ್‌ಚೇಂಜಿನಲ್ಲಿ ಸುಮ್ಮನೆ ವೇಳೆ ಕಳೆದರೇನೋ ಎನಿಸಬೇಕು. ತಾವೊಬ್ಬರೇ ಅಂಟಿಕೊಂಡದ್ದು ಸಾಲದೆ ತಮ್ಮ ಅಕ್ಕನಿಗೂ ಅಂಟಿಸಿದರು. ಈ ದೊಡ್ಡತ್ತೆ ಎರಡು ಬೀದಿ ಆಚೆ ಇರುತ್ತಾರೆ. ಪ್ರತಿ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಸರಿಯಾಗಿ ಕನ್ನಡಕ ಒರೆಸುತ್ತಾ ಬರುತ್ತಾರೆ. ಹನ್ನೆರಡು ರೇಸು. ಗೆದ್ದವರಿಗೆ ಒಂದು ಕಪ್ಪು: ಹಿಡಿ ಕಿತ್ತುಹೋದ ಅಲ್ಯುಮಿನಿಯಂ ಹಾಲಿನ ಜಗ್ಗು. ಅದು ಒಂದು ವಾರ ಈ ಮನೆಯ ಕಪಾಟಿನಲ್ಲಿ, ಒಂದು ವಾರ ಆ ಮನೆಯ ಕಪಾಟಿನಲ್ಲಿ. ನನ್ನ ಪದವಿ ಪ್ರಮಾಣಪತ್ರವನ್ನು ಆ ಜಗ್ಗಿಗೆ ಜಾಗ ಮಾಡಲೆಂದು ಸ್ನಾನದ ಮನೆಯ ಪಕ್ಕದ ಗೋಡೆಗೆ ವರ್ಗ ಮಾಡಲಾಗಿದೆ.

ಪೆಟ್ಟಿಗೆಗೆ ವಯಸ್ಸಾದಂತೆ ಅದರ ಫ್ಯಾನಿನ ಆರ್ಭಟ ಹೆಚ್ಚಿತು. ಮೊದಲೇ ಮಿಕ್ಸಿಯಂತಿದ್ದದ್ದು ಬರಬರುತ್ತಾ ಹಿಟ್ಟಿನ ಗಿರಣಿಯಂತಾಯಿತು. ಅದು ಓಡುತ್ತಿರುವಾಗ ಕರೆಗಂಟೆ ಕೇಳದು, ಕುಕ್ಕರಿನ ಸೀಟಿ ಕೇಳದು, ನಾವು ನಾವೇ ಮಾತಾಡಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಆ ಗದ್ದಲದಿಂದ ನನಗೆ ಸಣ್ಣದೊಂದು ಅನುಕೂಲವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಭಾನುವಾರ ಅಡುಗೆಮನೆಯಲ್ಲಿ ಚಹಾ ಮಾಡುವ ಹೆಂಡತಿಯ ಪಕ್ಕ ಕಪ್ಪುಬಸಿ ಒರೆಸುತ್ತಾ ನಿಂತು, ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಗಟ್ಟಿಯಾಗಿ ಹೇಳಿ ಹಗುರಾಗುತ್ತಿದ್ದೆ. ಎಂಟು ವರ್ಷದಲ್ಲಿ ಒಂದು ಸಲವೂ ನಡುಮನೆಯಿಂದ ಉತ್ತರ ಬಂದದ್ದಿಲ್ಲ.

ಈಗ ಎರಡು ತಿಂಗಳಿಂದ ಪೆಟ್ಟಿಗೆ ಹೊಸ ವರಸೆ ತೆಗೆದಿತ್ತು. ಹತ್ತು ನಿಮಿಷ ಗುಡುಗಿ, ಕೆಂಪು ದೀಪ ಮಿಟುಕಿಸಿ, ದಪ್ಪೆಂದು ಆರಿಹೋಗುವುದು. ಹೋದ ತಿಂಗಳ ಕೊನೆಯ ಭಾನುವಾರ ದೊಡ್ಡತ್ತೆ ಮುಂದಿದ್ದಾಗ ಆರಿತು. ಅದರ ಮುಂದಿನ ಭಾನುವಾರವೂ ದೊಡ್ಡತ್ತೆ ಮುಂದಿದ್ದಾಗಲೇ ಆರಿತು. ಮೂರನೆಯ ಸಲ ಆರಿದಾಗ ದೊಡ್ಡತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ನಾನು ಮುಂದೆ ಹೋದಾಗ್ಲೇ ಯಾಕೆ ಆರುತ್ತೆ? ಸೋಫಾದ ಕೆಳಗೆ ಕಾಲಲ್ಲಿ ಏನೋ ಒತ್ತುತೀಯ ನೀನು.”

“ನಾನಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!”

“ನೆಲ ಅಲ್ಲ ಕಣೇ, ನಿನ್ನ ಕಾಲೇ ಡೊಂಕು. ಚಿಕ್ಕವಳಿದ್ದಾಗ್ಲೂ ನೀನು ಸೋಲೋ ಹೊತ್ತಿಗೆ ದೀಪ ಆರಿಸ್ತಿದ್ದೆ. ನೋಡು, ಬರೋ ಭಾನುವಾರ ಹನ್ನೆರಡೂ ರೇಸು ಪೂರ್ತಿ ಆಗ್ಬೇಕು. ಆಗ್ಲಿಲ್ವೋ, ಜಗ್ಗು ನಂದು, ಶಾಶ್ವತವಾಗಿ. ನಾನಿನ್ನು ಈ ಮನೆಗೆ ಆಡೋಕೆ ಬರೋಲ್ಲ.”

ಹೀಗೆಂದು ದೊಡ್ಡತ್ತೆ ಚಹಾ ಕುಡಿಯದೆ ಎದ್ದುಹೋದರು. ಅತ್ತೆ ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟರು. ಜಗ್ಗು ಹೋಗುವುದು ಹಾಗಿರಲಿ, ಮೋಸ ಮಾಡುತ್ತಾಳೆ ಎಂದು ಅಕ್ಕನ ಬಾಯಲ್ಲಿ ಬಂತಲ್ಲ, ಅದು ಅವರಿಗೆ ನಾಟಿತ್ತು. ಹೊಸ ಪೆಟ್ಟಿಗೆ ತರೋಣವೆಂದರೆ ಈ ಹಳೆಯ ರೇಸು ಹೊಸದರಲ್ಲಿ ಓಡುವುದಿಲ್ಲವಂತೆ. ಅವರನ್ನು ಹಾಗೆ ನೋಡಿ ನನಗೂ ನಿಜವಾಗಿ ಬೇಜಾರಾಯಿತು.

ಸೋಮವಾರ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಹೊಟ್ಟೆ ಬಿಚ್ಚಿ, ಸರ್ಕ್ಯೂಟಿನ ಹಸಿರು ಹಲಗೆಯೊಂದನ್ನು ಹೊರತೆಗೆದು ದೀಪಕ್ಕೆ ಹಿಡಿದರು.

“ಫ್ಯಾನು ಚೆನ್ನಾಗೇ ಇದೆ ಸಾರ್. ಪಾಪ, ಅದು ಕೂಗ್ತಾ ಇರೋದು ಬೇರೆಯವರ ಕಷ್ಟಕ್ಕೆ. ಇಲ್ನೋಡಿ, ಇದು ಪ್ರೊಸೆಸರ್ ಚಿಪ್ಪು. ಇದರ ತಲೆ ಮೇಲೆ ಲೋಹದ ಮುಚ್ಚಳ ಇದೆಯಲ್ಲ, ಇದಕ್ಕೆ ಹೀಟ್ ಸ್ಪ್ರೆಡರ್ ಅಂತಾರೆ. ಚಿಪ್ಪಿನ ಬಿಸಿ ಎಳೆದು ಮೇಲೆ ದಾಟಿಸೋದು ಇದರ ಕೆಲಸ. ಎರಡರ ಮಧ್ಯೆ ಒಂದು ಪೇಸ್ಟ್ ಇರುತ್ತೆ. ಅದು ಒಣಗಿ ಸುಣ್ಣ ಆಗಿದೆ. ಬಿಸಿ ಮೇಲೆ ಬರೋದೇ ಇಲ್ಲ, ಒಳಗೊಳಗೇ ಬೇಯ್ತಿದೆ.”

“ಹಾಗಾದ್ರೆ ಮುಚ್ಚಳ ತೆಗೆದು ಪೇಸ್ಟ್ ಬದಲಾಯಿಸಿ.”

“ಅದೇ ಆಗೋಲ್ಲ. ನಾಲ್ಕೂ ಅಂಚಿಗೆ ಕಪ್ಪು ಅಂಟು ಹಾಕಿ ಕೂರಿಸಿದಾರೆ. ವರ್ಷಗಟ್ಟಲೆ ಕಾದು ಕಾದು ಕಲ್ಲಾಗಿದೆ. ಅಂಟಿರೋದು ಅಂಚಿಂದ ಮೂರೇ ಮಿಲಿಮೀಟರ್. ಅದರಾಚೆ ಸಾಸಿವೆ ಕಾಳಿನಂಥ ಬಿಡಿಭಾಗಗಳಿವೆ. ಬ್ಲೇಡು ಅದಕ್ಕೆ ತಾಗ್ತೋ, ಮುಗೀತು ಕಥೆ. ನಾನು ಇಂಥವು ಎರಡು ತೆಗೆದೆ, ಒಂದು ಸತ್ತೇಹೋಯ್ತು. ಇದನ್ನ ಮಾತ್ರ ನಾನು ಮುಟ್ಟಲ್ಲ.”

ಬೇರು ಬಿಟ್ಟು ಕಚ್ಚಿಕೊಂಡದ್ದು, ಕೀಳಲು ಬಾರದ್ದು ಎಂದು ಯಾರಾದರೂ ಅಂದರೆ ನನ್ನ ಇಪ್ಪತ್ತೆರಡು ವರ್ಷದ ರಕ್ತ ಕುದಿಯುತ್ತದೆ. “ಕಚ್ಚಿಕೊಂಡಿರೋದನ್ನ ಬಿಡಿಸೋದು ನಿಮ್ಮ ಕೆಲಸ ಅಲ್ಲ ಬಿಡಿ, ನನ್ನ ಕೆಲಸ,” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಲಗೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಪೆಟ್ಟಿಗೆಯ ಉಳಿದ ಭಾಗಗಳನ್ನೂ ಪೇಸ್ಟಿನ ಪುಟ್ಟ ಟ್ಯೂಬೊಂದನ್ನೂ ಜೊತೆಗಿಟ್ಟು, ದೇವರು ಒಳ್ಳೇದು ಮಾಡಲಿ ಎಂದು ಕಳಿಸಿಕೊಟ್ಟರು.

ಮನೆಗೆ ಬಂದು ಊಟದ ಮೇಜಿನಲ್ಲಿ ಘೋಷಣೆ ಮಾಡಿದೆ. “ಅತ್ತೆ, ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಶಸ್ತ್ರಚಿಕಿತ್ಸೆ. ಭಾನುವಾರ ಹನ್ನೆರಡೂ ರೇಸು. ಇದು ನನ್ನ ಮಾತು.”

ಅತ್ತೆ ಸಾರಿನ ಸೌಟು ಕೆಳಗಿಟ್ಟರು. “ನೋಡಿ ಅಳಿಯಂದ್ರೇ. ಅದರ ತಲೆಗೆ ನೋವಾಗದ ಹಾಗೆ ನೀವು ಆ ಮುಚ್ಚಳ ತೆಗೆದು, ಭಾನುವಾರ ಪೆಟ್ಟಿಗೆ ಪೂರ್ತಿ ಓಡಿದ್ರೆ, ಸೋಮವಾರ ನನ್ನ ಹಲ್ಲು ನಿಮಗೆ. ಎಲ್ಲರ ಎದುರಿಗೆ ಬಂದು ನಿಮ್ಮ ಕುರ್ಚಿಲಿ ಕೂರ್ತೀನಿ.”

“ಆಗದಿದ್ರೆ?” ಎಂದಳು ನನ್ನ ಹೆಂಡತಿ. ಇಂಥ ಪ್ರಶ್ನೆ ಕೇಳಲು ಅವಳು ಸದಾ ಸಿದ್ಧ.

“ಆಗದಿದ್ರೆ ಎದುರು ಡಾಕ್ಟರ ಹತ್ತಿರ ಕೀಳಿಸ್ಕೊಂಡು, ಆ ಹಲ್ಲನ್ನ ಬೆಂಚಲ್ಲಿ ಕೂತವರಿಗೆಲ್ಲ ತೋರಿಸ್ಕೊಂಡು ಬರ್ತೀನಿ.”

ಮುಚ್ಚಳವೊಂದರ ಜೊತೆ ನನ್ನ ಕ್ಲಿನಿಕ್ಕಿನ ಬೋರ್ಡೂ ಅಲುಗಾಡತೊಡಗಿತು ಎಂದು ಅರ್ಥವಾಯಿತು.

ಶನಿವಾರ ಊಟವಾದ ಮೇಲೆ ಕ್ಲಿನಿಕ್ಕಿಗೆ ‘ಮುಚ್ಚಿದೆ’ ಎಂಬ ಫಲಕ ಹಾಕಿದೆ. ಕುರ್ಚಿಯನ್ನು ಮಲಗಿಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಹಸಿರು ಹಲಗೆಯನ್ನು ಮಲಗಿಸಿದೆ. ದೊಡ್ಡ ದೀಪ ಹೊತ್ತಿಸಿ, ಕೈಗವಸು ತೊಟ್ಟು, ಮೂಗಿಗೆ ಮಾಸ್ಕು ಕಟ್ಟಿದೆ. ಅತ್ತೆ ಹೊರಗೆ ಬೆಂಚಿನ ಮೇಲೆ ಕೈ ಕೈ ಹೊಸೆಯುತ್ತಾ ಕೂತರು. ಒಳಗೆ ಸಹಾಯಕ್ಕೆ ಹೆಂಡತಿ. ಇವಳು ಊರಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳ ಹರಿದ ರಟ್ಟು ಬಿಡಿಸಿ ಹೊಸ ರಟ್ಟು ಕಟ್ಟುವವಳು. ಅವಳೂ ತನ್ನ ಸಣ್ಣ ಚೀಲವೊಂದನ್ನು ತಂದಿದ್ದಳು. ನಾನು ಅದರ ಕಡೆ ನೋಡಲಿಲ್ಲ.

“ಬಾಯಿ ಅಗಲ ಮಾಡಿ,” ಎಂದೆ ಅಭ್ಯಾಸಬಲದಿಂದ.

“ಯಾರಿಗೆ ಹೇಳ್ತಿದೀರಿ?”

“ಸುಮ್ನಿರೇ.” ಹಲ್ಲನ್ನು ದವಡೆಯಿಂದ ಎಬ್ಬಿಸುವ ಚಪ್ಪಟೆ ಉಪಕರಣವೊಂದಿದೆ. ಅದನ್ನು ಸಂದಿಗೆ ಕೊಟ್ಟು, ಹಿಂದೆ ಮುಂದೆ ಆಡಿಸಿ, ಮೆಲ್ಲಗೆ ಮೀಟಿದರೆ ಎಂಥ ಹಟಮಾರಿ ಹಲ್ಲೂ ಎದ್ದು ಬರಬೇಕು. ಅದರ ತುದಿಯನ್ನು ಮುಚ್ಚಳದ ಮೂಲೆಗೆ ಕೊಟ್ಟೆ. “ಸ್ವಲ್ಪ ಒತ್ತಿದ ಹಾಗಾಗುತ್ತೆ, ನೋವಾಗೋದಿಲ್ಲ,” ಎಂದು ಹಲಗೆಗೆ ಸಮಾಧಾನ ಹೇಳಿ, ಮೀಟಿದೆ.

ಟಿಕ್.

ಹಲಗೆ ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗಿತ್ತು. ಹೊರಗಿನಿಂದ ಅತ್ತೆಯ ಧ್ವನಿ ಬಂತು: “ಅಳಿಯಂದ್ರೇ, ಏನದು ಟಿಕ್ ಅಂದಿದ್ದು?”

“ಏನಿಲ್ಲತ್ತೆ! ನನ್ನ ಮಂಡಿ!”

ಹೆಂಡತಿ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ಹಸಿರು ಬಣ್ಣದ ಮೇಲೆ ಕೂದಲೆಳೆಯಷ್ಟು ಗೀರು. ಪುಣ್ಯಕ್ಕೆ ಏನೂ ಮುರಿದಿರಲಿಲ್ಲ. ಅವಳು ನನ್ನ ಕೈಯಿಂದ ಉಪಕರಣ ಕಿತ್ತುಕೊಂಡು ಟ್ರೇಗೆ ಎಸೆದಳು.

“ಇದೇನು ದವಡೆನಾ ಮೀಟೋಕೆ? ಹಲ್ಲು ಹೋದ್ರೆ ಹೋಗ್ಲಿ, ದವಡೆ ಉಳೀಬೇಕು ಅಂತ ಕೀಳ್ತೀರಿ. ಇಲ್ಲಿ ಎರಡೂ ಉಳೀಬೇಕು.”

“ಕೀಳೋದು ಅಂದ್ಮೇಲೆ ಕೀಳೋದೇ. ಶಕ್ತಿ ಹಾಕದೆ ಏನು ಬರುತ್ತೆ?”

“ಕೀಳ್ಬೇಡಿ. ಬಿಡಿಸಿ. ರಟ್ಟು ಎಳೆದ್ರೆ ಮೊದಲ ಹಾಳೆ ಹರಿದು ಕೈಗೆ ಬರುತ್ತೆ. ಅಂಟನ್ನ ಮಾತ್ರ ಕತ್ತರಿಸ್ಬೇಕು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕ್ರೀ?”

ಇಷ್ಟು ಹೇಳಿ ಅವಳು ಚೀಲ ಬಿಚ್ಚಿದಳು. ಕಾಗದದಷ್ಟು ತೆಳುವಾದ ಒಂದು ಬ್ಲೇಡು ತೆಗೆದಳು. ಅಳತೆಪಟ್ಟಿ ಇಟ್ಟು, ತುದಿಯಿಂದ ಮೂರು ಮಿಲಿಮೀಟರ್ ಬಿಟ್ಟು, ಉಳಿದ ಭಾಗಕ್ಕೆ ಟೇಪನ್ನು ದಪ್ಪವಾಗಿ ಸುತ್ತಿದಳು. ಈಗ ಬ್ಲೇಡು ಅಂಟು ಇರುವಷ್ಟು ದೂರ ಮಾತ್ರ ಒಳಹೋಗುತ್ತದೆ, ಟೇಪು ಅಂಚಿಗೆ ತಡೆದು ನಿಲ್ಲಿಸುತ್ತದೆ. ಬೇಕೆಂದರೂ ಸಾಸಿವೆ ಕಾಳುಗಳವರೆಗೆ ಹೋಗಲಾರದು. ಇಷ್ಟು ಸಣ್ಣ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಕೂದಲು ಒಣಗಿಸುವ ಡ್ರೈಯರ್ ತೆಗೆದು ಮುಚ್ಚಳಕ್ಕೆ ಹದವಾಗಿ ಬಿಸಿಗಾಳಿ ಕೊಟ್ಟಳು. ಮುಟ್ಟಿದರೆ ಚುರುಕ್ಕೆನ್ನದಷ್ಟು, ಬೆಚ್ಚಗಿನ ತಟ್ಟೆಯಷ್ಟು.

“ಈಗ ಹಿಡೀರಿ. ಕೈ ನಿಮ್ಮದು ಗಟ್ಟಿ, ನಡುಗೋಲ್ಲ. ಬ್ಲೇಡು ಮಲಗಿರ್ಬೇಕು. ಮೇಲಕ್ಕೆ ಎತ್ತಬೇಡಿ, ಮೀಟಬೇಡಿ. ಮೂಲೆಯಿಂದ ಶುರು ಮಾಡಿ, ಗರಗಸದ ಹಾಗೆ ಸಣ್ಣಗೆ ಆಡಿಸಿ.”

ಇಪ್ಪತ್ತೆರಡು ವರ್ಷ ಬೇರೆಯವರಿಗೆ ‘ಅಲ್ಲಾಡಬೇಡಿ’ ಎಂದು ಹೇಳಿದವನು ಈಗ ಉಸಿರು ಕೂಡ ಅಲ್ಲಾಡದಂತೆ ಬಗ್ಗಿದೆ. ಮೊದಲು ಬ್ಲೇಡು ಹೊಗಲೇ ಇಲ್ಲ. ಆಮೇಲೆ, ಹಳೆಯ ರಬ್ಬರನ್ನು ಕೊಯ್ದಂತೆ, ನವಿರಾಗಿ ಒಳಗೆ ಜಾರಿತು. ಒಂದು ಮಗ್ಗುಲು ಬಿಟ್ಟಿತು. ಮತ್ತೆ ಬಿಸಿಗಾಳಿ. ಎರಡನೇ ಮಗ್ಗುಲು. ನಡುವೆ ಒಮ್ಮೆ ಅವಸರಪಟ್ಟು ಬ್ಲೇಡು ಎತ್ತಿದೆ. “ಮೀಟಿದ್ರಿ!” ಎಂದು ಮಂಡಿಗೆ ಹೊಡೆದಳು. “ಮೀಟಲಿಲ್ಲ, ಯೋಚಿಸ್ದೆ,” ಎಂದೆ. “ಕೈಯಲ್ಲಿ ಯೋಚಿಸ್ಬೇಡಿ,” ಎಂದಳು. ಮೂರನೇ ಮಗ್ಗುಲಿಗೆ ಮುಕ್ಕಾಲು ಗಂಟೆಯಾಗಿ ನನ್ನ ಹೆಬ್ಬೆರಳು ಸೆಟೆದುಕೊಂಡಿತು. ನಾಲ್ಕನೆಯದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಹೆಂಡತಿ ನನ್ನನ್ನು ಸೊಂಟದಿಂದ ಪಕ್ಕಕ್ಕೆ ತಳ್ಳಿ, ನನ್ನ ಸ್ಟೂಲಿನಲ್ಲಿ ಕೂತು, ತುಟಿ ಕಚ್ಚಿಕೊಂಡು, ತಾನೇ ಆಡಿಸಿದಳು. ಎರಡು ನಿಮಿಷ. ಆಮೇಲೆ ಎರಡು ಬೆರಳಲ್ಲಿ ಮುಚ್ಚಳ ಹಿಡಿದು, ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದಳು. ಮುಚ್ಚಳ, ಆಗತಾನೆ ನಿದ್ದೆಯಿಂದ ಎದ್ದ ಮಗುವಿನಂತೆ, ತಾನಾಗಿ ಅವಳ ಕೈಗೆ ಬಂತು.

ಒಳಗಿನ ಪೇಸ್ಟು ನಿಜಕ್ಕೂ ಸುಣ್ಣವಾಗಿತ್ತು. ಊದಿದರೆ ಹಾರುವಂತಿತ್ತು. ಮಧ್ಯದಲ್ಲಿ ಕನ್ನಡಿಯಂಥ ಚಿಪ್ಪು, ಒಂದು ಗೀರೂ ಇಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಏಕೆಂದು ತಿಳಿಯದೆ ನಕ್ಕೆವು. ಮದುವೆಯಾದ ಹೊಸದರಲ್ಲಿ ನಕ್ಕ ಹಾಗೆ. ಹಳೆಯ ಅಂಟನ್ನು ಪ್ಲಾಸ್ಟಿಕ್ಕಿನ ಚಮಚದಿಂದ ಕೆರೆದು ತೆಗೆದು, ಕ್ಲಿನಿಕ್ಕಿನ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿ, ಹೊಸ ಪೇಸ್ಟು ಅಕ್ಕಿಕಾಳಿನಷ್ಟು ಇಟ್ಟು, ಮುಚ್ಚಳವನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿದೆವು.

ಬಾಗಿಲು ತೆರೆದಾಗ ಅತ್ತೆ ಎದ್ದು ನಿಂತಿದ್ದರು. “ಏನಾಯ್ತು? ಯಾರು ತೆಗೆದಿದ್ದು?”

ಹೆಂಡತಿ ಬ್ಲೇಡು ಒರೆಸುವುದರಲ್ಲಿದ್ದಳು. ಅವಳು ಬಾಯಿ ತೆರೆಯಲಿ ಎಂದು ನಾನು ಒಂದು ಕ್ಷಣ ಕಾದೆ. (ನ್ಯಾಯವಾಗಿ ಎರಡು ಕ್ಷಣ ಕಾಯಬಹುದಿತ್ತು.) ಆಮೇಲೆ ಮಾಸ್ಕು ಕೆಳಗಿಳಿಸಿ, “ನಾನೇ ಅತ್ತೆ,” ಎಂದೆ. ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಹುಷಾರಾಗಿರಬೇಕೆಂದು ನನಗೆ ಗೊತ್ತಿರಬೇಕಿತ್ತು.

ಸಾಯಂಕಾಲ ಪೆಟ್ಟಿಗೆಯನ್ನು ಜೋಡಿಸಿ ಗುಂಡಿ ಒತ್ತಿದೆ. ಸದ್ದೇ ಇಲ್ಲ. ಫ್ಯಾನು ಗುಡುಗದಿದ್ದರೆ ಪೆಟ್ಟಿಗೆ ಸತ್ತಿದೆ ಎಂದೇ ಅರ್ಥವಲ್ಲವೇ? “ಹೋಯ್ತು,” ಎಂದೆ. ಅತ್ತೆ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿ, ತಲೆ ಒಂದು ಕಡೆ ವಾಲಿಸಿದರು.

“ಓಡ್ತಿದೆ,” ಎಂದರು. “ನನಗೆ ಕೇಳಿಸ್ತಿದೆ.”

ಟಿವಿಯ ಮೇಲೆ ಕಾರುಗಳು ಬಂದು ಸಾಲಾಗಿ ನಿಂತವು. ಒಂದು ಗಂಟೆ ಓಡಿಸಿ ಪರೀಕ್ಷಿಸಿದೆವು. ಪೆಟ್ಟಿಗೆ ಬೆಚ್ಚಗೂ ಆಗಲಿಲ್ಲ. ಅತ್ತೆ ಸೋಫಾದಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಮರ್ಯಾದೆ ಉಳಿಸಿದ್ರಿ ಅಳಿಯಂದ್ರೇ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆ ರಾತ್ರಿ ನಾನು ಹೂವಿನ ಮೇಲೆ ನಡೆದವನಂತೆ ಮಹಡಿ ಹತ್ತಿ ಇಳಿದು ಮಾಡಿದೆ.

ಭಾನುವಾರ ನಾಲ್ಕಕ್ಕೆ ದೊಡ್ಡತ್ತೆ ಬಂದರು. ಮೊದಲು ಸೋಫಾದ ಕೆಳಗೆ ಬಗ್ಗಿ ನೋಡಿ, ತಂಗಿಯ ಎರಡೂ ಕಾಲನ್ನು ಮೇಲೆ ಮಡಚಿ ಕೂರಿಸಿ, ಆಮೇಲೆ ಕೂತರು. ಜಗ್ಗನ್ನು ಟಿವಿಯ ಪಕ್ಕ ಇಡಲಾಯಿತು. ಒಂದು, ಎರಡು, ಐದು, ಎಂಟು ರೇಸಾದವು. ಕೆಂಪು ದೀಪದ ಸುಳಿವಿಲ್ಲ. ಹನ್ನೊಂದಾದಾಗ ಅಕ್ಕ ಐದು, ತಂಗಿ ಐದು, ಒಂದು ಸಮ. ಕೊನೆಯ ರೇಸು ಶುರುವಾಯಿತು. ನನಗೆ ಅದನ್ನು ನೋಡುವ ಧೈರ್ಯವಿಲ್ಲದೆ ಅಡುಗೆಮನೆಗೆ ಬಂದೆ. ಹೆಂಡತಿ ಚಹಾ ಸೋಸುತ್ತಿದ್ದಳು. ನಾನು ಎಂದಿನಂತೆ ಕಪ್ಪುಬಸಿ ಕೈಗೆತ್ತಿಕೊಂಡೆ. ಎಂಟು ವರ್ಷದ ಅಭ್ಯಾಸ ನೋಡಿ, ಕೈಗೆ ಕಪ್ಪು ಬಂದರೆ ಬಾಯಿಗೆ ಮಾತು ಬರುತ್ತದೆ. ಅದೂ ಗಿರಣಿಯನ್ನು ಮೀರಿಸುವ ಎತ್ತರದ ಧ್ವನಿಯಲ್ಲೇ ಬರುತ್ತದೆ.

“ನಿಮ್ಮಮ್ಮ ಗೆಲ್ಲಲಿ, ಸೋಲಲಿ,” ಎಂದೆ, “ನಾಳೆ ನನ್ನ ಕುರ್ಚಿಗೆ ಬರ್ತಾರಲ್ಲ, ನನಗೆ ಅಷ್ಟು ಸಾಕು! ಎಂಟು ವರ್ಷ ಅವರು ಹೇಳಿದ್ದು ನಾನು ಕೇಳಿದೀನಿ. ನಾಳೆ ಅರ್ಧ ಗಂಟೆ ಅವರು ಬಾಯಿ ತೆರ್ಕೊಂಡು ನಾನು ಹೇಳಿದ್ದು ಕೇಳ್ಬೇಕು!”

ಹೆಂಡತಿ ಚಹಾ ಸೋಸುವ ಜರಡಿಯನ್ನು ಗಾಳಿಯಲ್ಲಿ ಅಲ್ಲಾಡಿಸಿದಳು. ಅವಳಿಗೂ ಉತ್ಸಾಹ ಬಂದಿದೆ ಎಂದುಕೊಂಡೆ.

“ಬೇರೆಯವರಿಗೆ ಒಂದು ಉಂಡೆ ಹತ್ತಿ ಇಟ್ರೆ ಇವರಿಗೆ ಎರಡು ಇಡ್ತೀನಿ ನೋಡು! ನನ್ನ ಸರ್ಟಿಫಿಕೇಟ್ ಬಚ್ಚಲ ಗೋಡೆಗೆ ಹಾಕಿದ್ದಕ್ಕೆ ಒಂದು, ರಸ್ತೆ ದಾಟಿದ್ದಕ್ಕೆ ಒಂದು!”

ಹೆಂಡತಿ ಈಗ ತನ್ನ ಕಿವಿಯನ್ನು ತೋರಿಸಿದಳು, ಆಮೇಲೆ ನಡುಮನೆಯ ಕಡೆ ತೋರಿಸಿದಳು. ಕೇಳಿಸುತ್ತಿಲ್ಲ, ಇನ್ನೂ ಗಟ್ಟಿಯಾಗಿ ಹೇಳಿ ಎನ್ನುತ್ತಿದ್ದಾಳೆಂದು ತಿಳಿದು ಸ್ವರ ಇನ್ನಷ್ಟು ಏರಿಸಿದೆ.

“ಇನ್ನು ನಿಮ್ಮ ದೊಡ್ಡಮ್ಮ! ಅವರು ಕಾರು ಓಡಿಸೋದು ನೋಡಿದ್ರೆ ಎಮ್ಮೆ ಕೆರೆಗೆ ಇಳಿದ ಹಾಗಿರುತ್ತೆ! ಇಳಿದ್ರೆ ಇಳೀತು, ಮೇಲೆ ಬರೋ ಮಾತೇ ಇಲ್ಲ!”

ನಡುಮನೆಯಲ್ಲಿ ಢಬಾರ್ ಎಂದು ಕಾರೊಂದು ಗೋಡೆಗೆ ಬಡಿದ ಸದ್ದಾಯಿತು. ಅದರ ಹಿಂದೆಯೇ ಗೆಲುವಿನ ತುತ್ತೂರಿ ಮೊಳಗಿತು. ಅದು ನಿಂತ ಮೇಲೆ ಮನೆಯಲ್ಲಿ ಎಂಥ ನಿಶ್ಶಬ್ದ ಎಂದರೆ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಓಡುವುದು ಕೇಳಿಸಿತು. ನಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆಯೆಂದು ನನಗೆ ಅಂದೇ ತಿಳಿದದ್ದು.

“ಅಳಿಯಂದ್ರೇ,” ಎಂದು ಅತ್ತೆಯ ಧ್ವನಿ ಮೆಲ್ಲಗೆ ಬಂತು. “ಎರಡೇ ಉಂಡೆ ಸಾಕಾ?”

‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬುದನ್ನು ನಾನು ಬೇರೆಯವರ ಹಲ್ಲಿನ ಬಣ್ಣಕ್ಕೆ ಅನ್ವಯಿಸಿ ತಮಾಷೆ ಮಾಡುತ್ತಿದ್ದವನು. ಚಹಾದ ತಟ್ಟೆಯನ್ನು ಎದೆಗೆ ಗುರಾಣಿಯಂತೆ ಹಿಡಿದು ನಡುಮನೆಗೆ ಹೋದೆ. ದೊಡ್ಡತ್ತೆಯ ಕಾರು ಗೋಡೆಯಲ್ಲಿ ಅರ್ಧ ಹೂತಿತ್ತು. ಎಮ್ಮೆಯ ವಿಷಯ ಬಂದ ಕೂಡಲೇ ಅವರು ತಿರುಗಿ ಅಡುಗೆಮನೆಯ ಕಡೆ ನೋಡಿದ್ದರಂತೆ. ನಮ್ಮತ್ತೆ ಮಾತ್ರ ಕಣ್ಣು ಕದಲಿಸಿರಲಿಲ್ಲ. ಕಿವಿಯಲ್ಲಿ ಏನೇ ಬರಲಿ, ಕೈ ತನ್ನ ಕೆಲಸ ಬಿಡದೆ ಮಾಡಬೇಕೆಂಬುದು ಎಕ್ಸ್‌ಚೇಂಜಿನ ಮೂವತ್ತು ವರ್ಷದ ಸಾಧನೆ. ಜಗ್ಗು ಅವರ ಮಡಿಲಲ್ಲಿತ್ತು.

“ಮೋಸ! ಇದು ಪಕ್ಕಾ ಮೋಸ!” ಎಂದರು ದೊಡ್ಡತ್ತೆ. “ಮೊದಲು ದೀಪ ಆರಿಸ್ತಿದ್ದೆ, ಈಗ ಅಳಿಯನ್ನ ಛೂ ಬಿಟ್ಟಿದೀಯ!” ಇಷ್ಟು ಹೇಳುವಷ್ಟರಲ್ಲಿ ಅವರಿಗೇ ತಡೆಯಲಾಗದೆ ನಗು ಬಂತು. “ಎಮ್ಮೆ ಅಂತೆ ಕಣೇ, ಎಮ್ಮೆ!” ಅಕ್ಕತಂಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಒರಗಿ, ಕನ್ನಡಕ ಜಾರಿ ಬೀಳುವಷ್ಟು ನಕ್ಕರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಜರ‍ಡಿ ಹಿಡಿದೇ ನಗುತ್ತಿದ್ದಳು. ನಾನು ಕೈಯಲ್ಲಿದ್ದ ತಟ್ಟೆಯ ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡೆ, ಇನ್ನೇನೂ ಹೊರಬರದಿರಲಿ ಎಂದು.

ನಗು ನಿಂತ ಮೇಲೆ ಅತ್ತೆ ತೀರ್ಪು ಕೊಟ್ಟರು. “ಕೊಟ್ಟ ಮಾತು ಮಾತೇ. ನಾಳೆ ಬರ್ತೀನಿ. ಹನ್ನೊಂದು ಗಂಟೆಗೆ, ಬೆಂಚು ತುಂಬಿರೋ ಹೊತ್ತಿಗೇ ಬರ್ತೀನಿ. ಆದ್ರೆ ಆ ಎರಡು ಉಂಡೆ ಹತ್ತಿ ನಿಮ್ಮ ಬಾಯಲ್ಲಿ. ನನ್ನ ಬಾಯಿಂದ ಹತ್ತಿ ತೆಗೆಯೋವರೆಗೂ ನಿಮ್ಮದೂ ತೆಗೀಬಾರ್ದು.”

ಹಾಗೆಯೇ ಬಂದರು. ಹೊರಗೆ ಹೋಗುವ ಚಪ್ಪಲಿ ಮೆಟ್ಟಿ ಮಹಡಿ ಇಳಿದು, ಬೆಂಚಿನವರ ಕ್ಷೇಮ ವಿಚಾರಿಸಿ, ರಸ್ತೆಯ ಕಡೆ ತಿರುಗದೆ ನೇರ ಒಳಗೆ ಬಂದರು. ಎದುರು ಡಾಕ್ಟರು ತಮ್ಮ ಬಾಗಿಲಲ್ಲಿ ನಿಂತು ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ನಾಲ್ಕು ಜನರಿಗೆ ಹೇಳಿ ಸಂಭ್ರಮಿಸೋಣವೆಂದರೆ ಎರಡೂ ಕೆನ್ನೆಯಲ್ಲಿ ಹತ್ತಿಯ ಉಂಡೆ. “ಉಂ ಉಂ,” ಎಂದೆ. ಕುರ್ಚಿ ತೋರಿಸಿದೆ. ಮೀಟಲಿಲ್ಲ. ಅವಸರಪಡಲಿಲ್ಲ. ಸುತ್ತಲೂ ಮೆಲ್ಲಗೆ ಬಿಡಿಸಿಕೊಂಡು, ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ. ಹಲ್ಲು ತಾನಾಗಿ ಕೈಗೆ ಬಂತು. ಬಂದದ್ದು ಅತ್ತೆಗೇ ಗೊತ್ತಾಗಲಿಲ್ಲ. ಗೊತ್ತಾದಾಗ ಅವರು ಹುಬ್ಬು ಮೇಲೇರಿಸಿ ನನ್ನನ್ನು ಮೆಚ್ಚಿ ನೋಡಿದರು. ಆ ಹುಬ್ಬಿಗಾಗಿ ನಾನು ಎರಡು ವರ್ಷ ಕಾದಿದ್ದೆ.

ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲಲು ಅರ್ಧ ಗಂಟೆ ಹತ್ತಿ ಕಚ್ಚಿಕೊಂಡಿರಬೇಕು. ಅತ್ತೆಯೂ ಕಚ್ಚಿಕೊಂಡರು. ನನ್ನದು ತೆಗೆಯುವಂತಿರಲಿಲ್ಲ. ಅವರು ಕುರ್ಚಿಯಲ್ಲಿ, ನಾನು ಗೋಡೆಗೊರಗಿ, ಇಬ್ಬರೂ ಕೆನ್ನೆ ಉಬ್ಬಿಸಿಕೊಂಡು ಎದುರುಬದುರು.

ಅಷ್ಟರಲ್ಲಿ ಲೈಬ್ರರಿಗೆ ಅರ್ಧ ದಿನ ರಜೆ ಹಾಕಿದ್ದ ನನ್ನ ಹೆಂಡತಿ ಒಳಗೆ ಬಂದಳು. ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಬಾಗಿಲು ಮುಂದೆ ಮಾಡಿ, ನನ್ನ ಸ್ಟೂಲನ್ನು ನಮ್ಮಿಬ್ಬರ ಮಧ್ಯೆ ಎಳೆದುಕೊಂಡು ನೆಮ್ಮದಿಯಾಗಿ ಕೂತಳು.

“ಅರ್ಧ ಗಂಟೆ ಇದೆ ಅಲ್ವಾ?” ಎಂದಳು. “ಎಂಟು ವರ್ಷದಿಂದ ನಿಮ್ಮಿಬ್ಬರಿಗೂ ಒಂದಿಷ್ಟು ವಿಷಯ ಹೇಳ್ಬೇಕು ಅಂತಿದ್ದೆ. ಯಾರಾದ್ರೂ ಒಬ್ಬರು ಮಧ್ಯೆ ಬಾಯಿ ಹಾಕ್ತಾನೇ ಇದ್ರಿ.”

ಮುಚ್ಚಳ ಬಿಡಿಸಿದ ಬ್ಲೇಡು ಯಾರದು ಎಂಬಲ್ಲಿಂದ ಶುರು ಮಾಡಿದಳು.